ನಾನಿಲ್ಲದಾಗ ಅಕ್ಕ, ಭಾವ ಬೋಟಲ್ಲಿ ಉಳಿಯುತ್ತಾರೆ. ಏನೇನು ಹೇಳಿಕೊಡಲಿ?

ಹೊಸಹಾಯಿ:
ನನ್ನದು 9 ಮೀಟರ್ ಉದ್ದದ ಹಾಯಿ ಬೋಟು. ಒಳಗೆ ನಾಲ್ಕು ಜನ ಮಲಗಬಹುದು, ಗ್ಯಾಸ್ ಒಲೆ ಇದೆ, ಪುಟ್ಟ ಟಾಯ್ಲೆಟ್ ಇದೆ. ಅಕ್ಕ, ಭಾವ ಮತ್ತು ಇಬ್ಬರು ಮಕ್ಕಳು (8 ಮತ್ತು 11 ವರ್ಷ) ಮುಂದಿನ ವಾರ ಎರಡು ರಾತ್ರಿ ಅದರಲ್ಲಿ ಉಳಿಯಬೇಕು ಅಂತ ಆಸೆಪಟ್ಟಿದ್ದಾರೆ. ನಾನು ಕೆಲಸದ ಮೇಲೆ ಬೇರೆ ಕಡೆ ಹೋಗಲೇಬೇಕು. ಬೋಟು ಜೆಟ್ಟಿಗೆ ಕಟ್ಟಿಯೇ ಇರುತ್ತೆ, ಎಲ್ಲೂ ಓಡಿಸಲ್ಲ. ಭಾವ ಜಾಣರು, ಆದರೆ ಬೋಟಿನ ಗಂಧಗಾಳಿ ಗೊತ್ತಿಲ್ಲ. ಎರಡು ಪುಟ ಸೂಚನೆ ಬರೆದಿಟ್ಟಿದ್ದೇನೆ. ಅಷ್ಟು ಸಾಕಾ? ಬೇಡ ಅನ್ನೋಣ ಅಂದರೆ ಮಕ್ಕಳು ಆಗಲೇ ಬ್ಯಾಗ್ ತುಂಬಿಕೊಂಡು ಕೂತಿದ್ದಾರೆ.

ಚುಕ್ಕಾಣಿ:
ಎಂಜಿನ್ ಕೀ ನಿಮ್ಮ ಜೇಬಲ್ಲೇ ಇರಲಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ನೋಡಿ. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಜಾರಿಬಿಡುತ್ತೆ. ನೀವಿಲ್ಲದೆ ಜನ ಉಳಿದರೆ ಇನ್ಶೂರೆನ್ಸ್ ಒಪ್ಪುತ್ತಾ ಅಂತಲೂ ಕೇಳಿಕೊಳ್ಳಿ.

ಹಳೇಲಂಗರು:
ಎರಡು ಪುಟ ಯಾರೂ ಓದಲ್ಲ. ನಡುರಾತ್ರಿ ಕಾಲಿಗೆ ನೀರು ತಾಕಿದಾಗಂತೂ ಓದೋದೇ ಇಲ್ಲ.

ಒಮ್ಮೆ ಗೆಳೆಯ ಮತ್ತು ಅವನ ಹೆಂಡತಿಗೆ ಒಂದು ರಾತ್ರಿ ಬೋಟು ಬಿಟ್ಟುಕೊಟ್ಟಿದ್ದೆ. ಹೆದರಬಾರದಲ್ಲ ಅಂತ ಹೊರಡುವಾಗ, "ರಾತ್ರಿ ಏನೇನೋ ಶಬ್ದ ಬರುತ್ತೆ, ತಲೆ ಕೆಡಿಸಿಕೊಳ್ಳಬೇಡಿ" ಅಂದೆ. ಬೆಳಿಗ್ಗೆ ಹೋಗಿ ನೋಡಿದರೆ ಕ್ಯಾಬಿನ್ ನೆಲದ ಹಲಗೆಗಳು ತೇಲುತ್ತಿದ್ದವು.

ಟಾಯ್ಲೆಟ್ ಪಂಪಿನ ಪಕ್ಕ ಒಂದು ಸಣ್ಣ ಲಿವರ್ ಇರುತ್ತಲ್ಲ. ಒಂದು ಕಡೆ ತಳ್ಳಿದರೆ ಹೊರಗಿನ ನೀರು ಒಳಗೆ ಬರುತ್ತೆ, ಇನ್ನೊಂದು ಕಡೆ ತಳ್ಳಿದರೆ ನಿಲ್ಲುತ್ತೆ. ಅವರು ಅದನ್ನು ನೀರು ಬರುವ ಕಡೆಗೇ ಬಿಟ್ಟು ಮಲಗಿದ್ದರು. ಟಾಯ್ಲೆಟ್ ಇದ್ದದ್ದು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ, ಪಂಪಿನ ಒಳಗಿನ ರಬ್ಬರ್ ಸವೆದಿತ್ತು. ನೀರು ತಾನಾಗಿ ತುಂಬಿ ಹರಿದಿದೆ. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಗಂಟೆಗಟ್ಟಲೆ ಓಡಿ, ಬ್ಯಾಟರಿ ಇಳಿದು ನಿಂತುಹೋಗಿದೆ. ಆ ಗುರ್ ಅನ್ನೋ ಶಬ್ದ ಗೆಳೆಯನಿಗೆ ಕೇಳಿಸಿತ್ತು. "ಶಬ್ದ ಬರುತ್ತೆ ಅಂತ ನೀನೇ ಹೇಳಿದ್ಯಲ್ಲ" ಅಂದ. ತಪ್ಪು ಪೂರ್ತಿ ನನ್ನದೇ.

ಅಂದಿನಿಂದ ಯಾರನ್ನು ಬಿಟ್ಟು ಹೋದರೂ ಮೊದಲು ಶಬ್ದ ಕೇಳಿಸುತ್ತೇನೆ. ಬಿಲ್ಜ್ ಪಂಪ್ ಸ್ವಿಚ್ ಹಾಕಿ, "ಇದು ಮತ್ತೆ ಮತ್ತೆ ಶುರುವಾದರೆ, ಇಲ್ಲಾ ನಿಲ್ಲದೆ ಓಡುತ್ತಿದ್ದರೆ, ಎಷ್ಟೊತ್ತಾದರೂ ನನ್ನನ್ನು ಎಬ್ಬಿಸಿ" ಅಂತೇನೆ. ಗ್ಯಾಸ್ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡರ ಟೆಸ್ಟ್ ಬಟನ್ನೂ ಒತ್ತಿ ತೋರಿಸುತ್ತೇನೆ.

ಆಮೇಲೆ ಹೊರಗಿನ ನೀರಿಗೆ ಸೇರುವ ಪೈಪುಗಳನ್ನು ಮುಚ್ಚುವ ತಳದ ವಾಲ್ವ್‌ಗಳು. ತೋರಿಸಿದರೆ ಸಾಲದು, ಭಾವನವರೇ ಕೈಯಾರೆ ಮುಚ್ಚಿ ತೆರೆಯಬೇಕು. ಬಾಲ್ ವಾಲ್ವ್ ಆದರೆ ಹಿಡಿ ಪೈಪಿನ ನೇರಕ್ಕಿದ್ದಾಗ ತೆರೆದಿರುತ್ತೆ, ಅಡ್ಡಕ್ಕಿದ್ದಾಗ ಮುಚ್ಚಿರುತ್ತೆ. ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗೆ 5 ಸೆಂಟಿಮೀಟರ್ ಅಗಲದ ತೂತು ಬಿದ್ದರೆ ನಿಮಿಷಕ್ಕೆ 300 ಲೀಟರ್ ತನಕ ನೀರು ನುಗ್ಗಬಹುದು. ಸಣ್ಣ ಬಿಲ್ಜ್ ಪಂಪ್ ನಿಮಿಷಕ್ಕೆ 30 ಲೀಟರ್ ಹೊರಹಾಕಿದರೆ ಹೆಚ್ಚು.

ಗ್ಯಾಸ್ ವಿಷಯವೂ ಅಷ್ಟೇ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಬೋಟಿನ ತಳಕ್ಕಿಳಿದು ಕೂರುತ್ತೆ, ಅಲ್ಲಿಂದ ಹೊರಗೆ ದಾರಿಯಿಲ್ಲ. ವಾಸನೆ ಬಂದರೆ ಒಂದು ಸ್ವಿಚ್ಚೂ ಮುಟ್ಟದೆ ಎಲ್ಲರೂ ಜೆಟ್ಟಿಗೆ ಇಳಿಯಬೇಕು. ಚಳಿ ಅಂತ ಒಲೆ ಹಚ್ಚಿಟ್ಟು ಮಲಗಲೇಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇರಲ್ಲ.

ಹೊಸಹಾಯಿ:
ಲಿವರ್ ವಿಷಯ ನನ್ನ ಎರಡು ಪುಟದಲ್ಲಿ ಇರಲೇ ಇಲ್ಲ! ತುಂಬಾ ಥ್ಯಾಂಕ್ಸ್. ಮಕ್ಕಳು ಬೋಟಿನ ಪಕ್ಕದಲ್ಲೇ ಈಜಬಹುದಾ ಅಂತ ಅಕ್ಕ ಕೇಳುತ್ತಿದ್ದಾಳೆ. ಮತ್ತೆ ರೇಡಿಯೋ ಕಲಿಸಬೇಕಾ?

ಚುಕ್ಕಾಣಿ:
ಈಜು ಬೇಡವೇ ಬೇಡ. ಜೆಟ್ಟಿಯಿಂದ ಕರೆಂಟ್ ತಗೊಂಡ ಬೋಟುಗಳ ಸುತ್ತ ನೀರಿಗೆ ಕರೆಂಟ್ ಸೋರಿರಬಹುದು. ಸಿಹಿನೀರಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಕೈಕಾಲು ಸೆಟೆದುಕೊಂಡು, ಕೂಗಲೂ ಆಗದೆ ಮುಳುಗಿಬಿಡುತ್ತಾರೆ. ಯಾರಾದರೂ ಹಾಗೆ ಒದ್ದಾಡಿದರೆ ಹಿಂದೆಯೇ ಹಾರಬಾರದು. ಕರೆಂಟ್ ಆಫ್ ಮಾಡಿ, ತೇಲುವ ರಿಂಗ್ ಎಸೆಯಬೇಕು. ಇದನ್ನು ಅಕ್ಕನವರಿಗೆ ನೀವೇ ಎದುರು ಕೂತು ಹೇಳಿ.

ಹಳೇಲಂಗರು:
ರೇಡಿಯೋ ಖಂಡಿತ ಕಲಿಸಿ, 11 ವರ್ಷದ ಮಗುವಿಗೂ. ವಿಎಚ್‌ಎಫ್ ಚಾನೆಲ್ 16, ತುರ್ತು ಕರೆಗೆ ಇರೋದು ಅದೇ. ಜೀವಕ್ಕೆ ಅಪಾಯ ಇದ್ದರೆ ಮೂರು ಸಲ "ಮೇಡೇ", ಆಮೇಲೆ ಬೋಟಿನ ಹೆಸರು, ಎಲ್ಲಿದ್ದೀವಿ, ಏನಾಗಿದೆ, ಎಷ್ಟು ಜನ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ರೇಡಿಯೋ ಪಕ್ಕ ಅಂಟಿಸಿ. ಬೋಟಿನ ಹೆಸರು, ಜೆಟ್ಟಿ ನಂಬರ್ ಗಾಬರಿಯಲ್ಲಿ ಯಾರಿಗೂ ನೆನಪಾಗಲ್ಲ.

ಇನ್ನೊಂದು. "ಬೋಟು ಹೋದರೆ ಹೋಗಲಿ, ನೀವು ಮೊದಲು ಇಳಿಯಿರಿ" ಅನ್ನೋ ಮಾತು ನಿಮ್ಮ ಬಾಯಿಂದಲೇ ಬರಬೇಕು. ಆ ದಿನ ಬೆಳಿಗ್ಗೆ ನಾನು ಹೋದಾಗ ಗೆಳೆಯ ಮೊಣಕಾಲ ತನಕ ನೀರಲ್ಲಿ ನಿಂತು ಬಕೆಟ್‌ನಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದ. ಅವನ ಹೆಂಡತಿ ಮೆಟ್ಟಿಲ ಮೇಲೆ ಟಾರ್ಚ್ ಹಿಡಿದು ನಿಂತಿದ್ದರು, ಕೈ ನಡುಗುತ್ತಿತ್ತು. ಜೆಟ್ಟಿ ಒಂದೇ ಹೆಜ್ಜೆ ದೂರ. ಯಾಕೋ ಇಳಿಯಲಿಲ್ಲ ಅಂತ ಕೇಳಿದೆ. "ನಿನ್ನ ಬೋಟಲ್ವಾ" ಅಂದ.