‘ಹ್ಯಾಂಗ್ ಆಗಿದೆ’ ಅಂದರೆ ಏನಾಗಿದೆ ಅಂತ?

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿನ ಕಂಪ್ಯೂಟರ್ ಹೊತ್ತುಗೊತ್ತಿಲ್ಲದೆ ನಿಂತುಬಿಟ್ಟರೆ ಏನೇನು ನೋಡಬೇಕು ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ರಿಪೇರಿಯವರಿಗಲ್ಲ, ಬಳಸುವವರಿಗೆ. ರಿಪೇರಿಯ ಭಾಗ ಸಲೀಸಾಗಿ ಬಂತು. ತೊಡಕಾಗಿರುವುದು ‘ಹ್ಯಾಂಗ್’ ಪದ.

ಅದು ಇಂಗ್ಲಿಷಿನದು ಅನ್ನುವುದು ನನ್ನ ತಕರಾರಲ್ಲ. ‘ಹ್ಯಾಂಗ್ ಆಯ್ತು’ ಎಲ್ಲರ ಬಾಯಲ್ಲೂ ಇದೆ, ಇರಲಿ ಬಿಡಿ. ಆದರೆ ಬೇರೆ ಬೇರೆ ತೊಂದರೆಗಳಿಗೆಲ್ಲ ನಾವು ಇದೊಂದನ್ನೇ ಹೇಳುತ್ತೇವೆ. ಯಾವ ಬಗೆಯ ಹ್ಯಾಂಗ್ ಅಂತ ಗೊತ್ತಾದರೆ ಅರ್ಧ ಪತ್ತೆ ಮುಗಿದ ಹಾಗೆ. ಗೊತ್ತಾಗದಿದ್ದರೆ ಸುಮ್ನೆ ಒಂದೊಂದೇ ಬಿಡಿಭಾಗ ಬದಲಿಸುತ್ತಾ ಕೂರಬೇಕು.

ಒಂದೇ ಪ್ರೋಗ್ರಾಂ ನಿಂತು ಉಳಿದದ್ದೆಲ್ಲ ನಡೆಯುತ್ತಿದ್ದರೆ ಅದು ಸಣ್ಣ ವಿಷಯ. ವಿಂಡೋಸ್‌ನಲ್ಲಿ ಒಂದು ಕಿಟಕಿ ಸುಮಾರು 5 ಸೆಕೆಂಡು ಉತ್ತರ ಕೊಡದಿದ್ದರೆ ಅದು ಬೆಳ್ಳಗಾಗಿ, ತಲೆಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತದೆ. ಇದಕ್ಕೆ ‘ಸ್ಪಂದಿಸುತ್ತಿಲ್ಲ’ ಅಂತ ಬರೆಯುವ ರೂಢಿ ಇದೆ. ನನಗೆ ‘ಓಗೊಡುತ್ತಿಲ್ಲ’ ಜಾಸ್ತಿ ಇಷ್ಟ. ಕರೆದರೆ ಓ ಅನ್ನುತ್ತಿಲ್ಲ, ಅಷ್ಟೇ.

ಇಡೀ ಯಂತ್ರ ಅರ್ಧ ನಿಮಿಷ ನಿಂತು, ಮತ್ತೆ ಏನೂ ಆಗದವರಂತೆ ಎದ್ದು ಕೂರುವುದೂ ಉಂಟು. ಇದಕ್ಕೆ ‘ಜೋಮು ಹಿಡಿಯಿತು’ ಅನ್ನಬಹುದಾ? ಕಾಲಿಗೆ ಜೋಮು ಹಿಡಿದರೆ ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದೆ. ಇಲ್ಲೂ ಹಾಗೇ. ‘ಮರಗಟ್ಟು’ ಕೂಡ ಹತ್ತಿರದ ಮಾತೇ. ಆದರೆ ಅದರಲ್ಲಿ ತಾನಾಗಿ ಬಿಡುತ್ತದೆ ಅನ್ನುವ ಭರವಸೆ ಇಲ್ಲ. ಈ ಬಗೆಯಲ್ಲಿ ಮೊದಲ ಅನುಮಾನ ಡಿಸ್ಕಿನ ಮೇಲೆ. ಕೆಟ್ಟ ಜಾಗವನ್ನು ಓದಲು ಅದು ಮತ್ತೆ ಮತ್ತೆ ಹೆಣಗುತ್ತಿರುತ್ತದೆ, ಉಳಿದವರೆಲ್ಲ ಕಾಯುತ್ತಿರುತ್ತಾರೆ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ವರದಿಯಲ್ಲಿ 5 ಮತ್ತು 197 ಸಂಖ್ಯೆಯ ಸಾಲುಗಳ (ಕೆಟ್ಟ ಜಾಗಗಳ) ಲೆಕ್ಕ ಏರುತ್ತಿದ್ದರೆ ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ, ಮಿಕ್ಕಿದ್ದು ಆಮೇಲೆ. ಏರುತ್ತಿರುವುದು 199 (ಮಾಹಿತಿ ಸಾಗಿಸುವಾಗ ಆದ ತಪ್ಪುಗಳ ಲೆಕ್ಕ) ಮಾತ್ರವಾದರೆ ಡಿಸ್ಕಿಗಿಂತ ಅದರ ಕೇಬಲ್ಲೇ ಕಳ್ಳ ಆಗಿರುವುದು ಹೆಚ್ಚು.

ಇನ್ನು ನಿಜವಾದ ತಲೆನೋವು. ಪರದೆ ಕದಲುವುದಿಲ್ಲ, ಇಲಿ ಓಡುವುದಿಲ್ಲ. (ಮೌಸ್‌ಗೆ ‘ಇಲಿ’ ಅಂದದ್ದು ಸುಮ್ನೆ ತಮಾಷೆಗೆ, ಕೈಪಿಡಿಯಲ್ಲಿ ‘ಮೌಸ್’ ಅಂತಲೇ ಇದೆ.) ಇಲ್ಲೂ ಎರಡು ಬಗೆ ಇವೆ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹೊತ್ತಿ ಆರಿದರೆ, ಹಾಡು ಮುಂದುವರಿಯುತ್ತಿದ್ದರೆ, ಒಳಗೆ ಜೀವ ಇದೆ, ಕೆಟ್ಟಿರುವುದು ಚಿತ್ರ ತೋರಿಸುವ ಕಡೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ (ಚಿತ್ರ ತೋರಿಸುವ ಭಾಗವನ್ನು ನಡೆಸುವ ತಂತ್ರಾಂಶ) ಮರಳಿ ಶುರುವಾಗುತ್ತದೆ. ಲಿನಕ್ಸ್ ಆದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರೀ ಅಕ್ಷರಗಳ ಪರದೆಗೆ ಹೋಗಲು ನೋಡಬಹುದು. ಇದನ್ನು ‘ಪರದೆ ನಿಂತಿದೆ’ ಅಂತ ಬರೆದಿದ್ದೇನೆ. ಸಾಕು ಅನ್ನಿಸುತ್ತದೆ.

ಕ್ಯಾಪ್ಸ್ ಲಾಕ್ ದೀಪವೂ ಕದಲದೆ, ಹಾಡಿನ ಒಂದು ಚೂರು ಗರ್ರ್ ಅಂತ ಅಲ್ಲೇ ಸುತ್ತುತ್ತಿದ್ದರೆ ಅದು ಪೂರ್ತಿ ನಿಂತ ಹಾಗೆ. ಪವರ್ ಗುಂಡಿಯನ್ನು 4 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯುವುದೊಂದೇ ದಾರಿ. ರ‍್ಯಾಮ್, ಅದರ ಏರಿಸಿದ ವೇಗ, ಡ್ರೈವರ್, ವಿದ್ಯುತ್ ಪೂರೈಕೆ ಎಲ್ಲವೂ ಅನುಮಾನದ ಪಟ್ಟಿಗೆ ಬರುತ್ತವೆ. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆಯಲ್ಲಿ) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ವೇಗ ಏರಿಸುವ ಆಯ್ಕೆ, ಹಚ್ಚಿದ್ದರೆ ಅದನ್ನು ತೆಗೆದು ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಆಮೇಲೆ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಓಡಿಸಬೇಕು. ಒಂದೇ ಒಂದು ತಪ್ಪು ಕಂಡರೂ ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಮತ್ತೆ ಪರೀಕ್ಷಿಸಬೇಕು.

ಈ ಸ್ಥಿತಿಗೆ ಪದ ಬೇಕು. ‘ಹೆಪ್ಪುಗಟ್ಟಿತು’ ಬೇಡ. ನೀರೋ ರಕ್ತವೋ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಇದು ಒಂದೇ ಕ್ಷಣದಲ್ಲಿ ಆಗುವಂಥದ್ದು. ‘ಸ್ತಬ್ಧ’ ಅಂದರೆ ಸದ್ದಡಗಿದ ಭಾವ ಬರುತ್ತದೆ, ಇಲ್ಲಿ ಫ್ಯಾನ್ ತಿರುಗುತ್ತಿದೆ, ಸ್ಪೀಕರ್ ಕಿರುಚುತ್ತಿದೆ. ‘ಸೆಟೆದುಕೊಂಡಿತು’ ಸರಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಆದರೆ ಅದಕ್ಕೆ ಬಿಗುಮಾನದ ಅರ್ಥವೂ ಇದೆ ಅಲ್ವಾ? ಓದುವವರು ನಕ್ಕಾರು ಅನ್ನುವ ಅಳುಕು.

ಎಲ್ಲಕ್ಕಿಂತ ಜಾಸ್ತಿ ಗೊಂದಲ ಮಾಡುವುದು ‘ಸ್ಥಗಿತ’. ‘ಕಂಪ್ಯೂಟರ್ ಸ್ಥಗಿತಗೊಳಿಸಿ’ ಅಂದರೆ ಆಫ್ ಮಾಡಿ ಅಂತ. ಹಾಗಿದ್ದಾಗ ‘ಸ್ಥಗಿತಗೊಂಡಿತು’ ಅಂದರೆ ಪರದೆ ನಿಂತದ್ದೋ, ಯಂತ್ರವೇ ಆರಿದ್ದೋ? ಎರಡಕ್ಕೂ ಹುಡುಕುವ ಜಾಗ ಬೇರೆ. ತಾನಾಗಿ ಆರಿದರೆ ಪವರ್ ಸಪ್ಲೈ, ಪ್ರೊಸೆಸರಿನ ಬಿಸಿ ಇವುಗಳ ಕಡೆ ಮೊದಲು ಹೋಗಬೇಕು. ಪ್ರೊಸೆಸರ್ ಬಿಸಿಯಾದರೆ ಸಾಮಾನ್ಯವಾಗಿ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಆರುತ್ತದೆ. ಯಂತ್ರದ ದಾಖಲೆಯನ್ನೇ ನೋಡಿದರಾಯಿತು ಅನ್ನಬೇಡಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಬರುವ ‘ಕರ್ನಲ್-ಪವರ್ 41’ ಹೇಳುವುದು ಯಂತ್ರ ಕ್ರಮವಾಗಿ ಮುಚ್ಚದೆ ಮತ್ತೆ ಶುರುವಾಯಿತು ಅಂತ ಅಷ್ಟೇ. ತಾನೇ ಆರಿದರೂ ಅದು ಬರುತ್ತದೆ, ಸೆಟೆದುಕೊಂಡಾಗ ನಾವು ಗುಂಡಿ ಒತ್ತಿ ಆರಿಸಿದರೂ ಬರುತ್ತದೆ. ಹಾಗಾಗಿ ತೊಂದರೆಯನ್ನು ಕಣ್ಣಾರೆ ಕಂಡವರು ಬಳಸುವ ಕ್ರಿಯಾಪದಕ್ಕೆ ಇಷ್ಟು ಬೆಲೆ.

ಇನ್ನೊಂದು ಪದ, ‘ರ‍್ಯಾಂಡಮ್’. ‘ಯಾದೃಚ್ಛಿಕ’ ಗಣಿತದ ಪುಸ್ತಕದಲ್ಲೇ ಇರಲಿ. ‘ಇದ್ದಕ್ಕಿದ್ದಂತೆ’ ಅಂತ ಹಲವರು ಬರೆಯುತ್ತಾರೆ. ಅದು ಹೇಗಾಯಿತು ಅಂತ ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ದಿನಾ ಆಟ ತೆರೆದ ಕೂಡಲೇ ನಿಂತರೂ ಅದು ಇದ್ದಕ್ಕಿದ್ದಂತೆಯೇ. ಅದಕ್ಕೇ ನಾನು ‘ಹೊತ್ತುಗೊತ್ತಿಲ್ಲದೆ’ ಆರಿಸಿಕೊಂಡೆ. ಆದರೆ ಕೈಪಿಡಿಯ ಮುಂದಿನ ಸಾಲಿನಲ್ಲೇ ‘ನಿಜವಾಗಿಯೂ ಗೊತ್ತಿಲ್ಲವೇ?’ ಅಂತ ಕೇಳಿದ್ದೇನೆ. ಭಾರದ ಕೆಲಸ ಮಾಡುವಾಗಲೋ, ನಿದ್ದೆಯಿಂದ ಎಬ್ಬಿಸಿದ ಮೇಲೋ, ಯಾರೂ ಮುಟ್ಟದೆ ಸುಮ್ಮನೆ ಬಿದ್ದಿದ್ದಾಗಲೋ? ಕೊನೆಯದಾದರೆ ಪ್ರೊಸೆಸರ್ ವಿದ್ಯುತ್ ಉಳಿಸಲು ಇಳಿಯುವ ಆಳ ನಿದ್ದೆಯ ಮೇಲೂ ಕಣ್ಣಿಡಬೇಕು.

ಈಗ ನನ್ನ ಪ್ರಶ್ನೆಗಳು. ‘ಸೆಟೆದುಕೊ’ ಇರಬಹುದಾ, ಇಲ್ಲ ‘ಪೂರ್ತಿ ಹ್ಯಾಂಗ್’ ಅಂತ ಬರೆದು ಕೈ ತೊಳೆದುಕೊಳ್ಳಲಾ? ‘ತಾನಾಗಿ ಆರಿತು’ ಅಂದರೆ ಓದುವವರಿಗೆ ಬರೀ ಮಾನಿಟರ್ ದೀಪ ಆರಿದ್ದು ಅನ್ನಿಸುತ್ತದಾ? ಮತ್ತೆ, ಯಂತ್ರ ಆರಿ ತಾನೇ ಪುನಃ ಶುರುವಾಗುತ್ತದಲ್ಲ, ಅದಕ್ಕೆ ‘ರೀಸ್ಟಾರ್ಟ್ ಆಗು’ ಬಿಟ್ಟು ನಿಮ್ಮ ಮನೆಮಾತಿನಲ್ಲಿ ಬೇರೆ ಏನಾದರೂ ಅನ್ನುತ್ತೀರಾ?