ಸಹಾಯ ಬೇಕು: ಫಾಕ್ಸ್ 36 ಫೋರ್ಕ್ ಸರ್ವಿಸ್, ಬೆಂಗಳೂರು

ಬೆಂಗಳೂರಲ್ಲಿ ಮೌಂಟನ್ ಬೈಕ್ ಸಸ್ಪೆನ್ಷನ್ ಬಿಚ್ಚಿ ಸರ್ವಿಸ್ ಮಾಡೋರು ಯಾರಾದ್ರೂ ಗೊತ್ತಾ? ಸೈಕಲ್ ಸಾಂಟಾ ಕ್ರೂಜ್ ಹೈಟವರ್, ಮುಂದೆ 150 ಮಿ.ಮೀ. ಟ್ರಾವೆಲ್‌ನ (ಅಂದ್ರೆ ಅಷ್ಟು ಕುಗ್ಗೋ) ಫಾಕ್ಸ್ 36 ಸಸ್ಪೆನ್ಷನ್ ಫೋರ್ಕ್. 125 ಗಂಟೆ ಸವಾರಿಗೊಮ್ಮೆ ಮಾಡಿಸೋ ಸರ್ವಿಸ್ ಈಗ ಬಂದಿದೆ. ಅವಲಹಳ್ಳಿ ಕಾಡಿನ ಕೆಂಪು ಧೂಳು ಸ್ಟ್ಯಾಂಚನ್ (ಫೋರ್ಕಿನ ಮೇಲಿನ ನುಣುಪು ಕೊಳವೆ) ಮೇಲೆ ಉಂಗುರದ ಹಾಗೆ ಕೂತಿರುತ್ತೆ. ಒರೆಸಿದ್ರೂ ಎರಡು ಇಳಿಜಾರು ಮುಗಿಯೋಷ್ಟರಲ್ಲಿ ಮತ್ತೆ ಹಾಜರ್! ಗಾಳಿ ಸರಿಯಾಗಿದೆ, ಸ್ಯಾಗ್ (ನಾನು ಕೂತಾಗ ಫೋರ್ಕ್ ಕುಗ್ಗೋ ಪ್ರಮಾಣ) 20% ಹತ್ತಿರ ಇದೆ. ಆದ್ರೂ ಸಣ್ಣ ಕಲ್ಲು, ಬೇರು ಎಲ್ಲಾ ನೇರ ಅಂಗೈಗೇ ಬರ್ತಿದೆ. ವೈಪರ್ (ಧೂಳು ತಡೆಯೋ ಸೀಲ್) ಒಳಗಿನ ಎಣ್ಣೆ ಹಿಡಿದಿಡೋ ಫೋಮ್ ಒಣಗಿರಬೇಕು ಅಂತ ನನ್ನ ಅಂದಾಜು.

ಒಂದು ಅಂಗಡಿಯವರು "ಇಂಜಿನ್ ಆಯಿಲ್ ಹಾಕಿಬಿಡ್ತೀವಿ ಸಾರ್" ಅಂದ್ರು, ಕೈಮುಗಿದು ಬಂದೆ. ಲೋಯರ್ಸ್‌ಗೆ (ಫೋರ್ಕಿನ ಕೆಳಗಿನ ಕಾಲುಗಳಿಗೆ) ಫಾಕ್ಸ್‌ನ 20 ವೇಟ್ ಗೋಲ್ಡ್ ಆಯಿಲ್, 36 ಮಿ.ಮೀ. ಸೀಲ್ ಕಿಟ್ ಬೇಕು. ಯಾರ ಹತ್ರಾದ್ರೂ ಮಿಕ್ಕಿದ್ರೆ ಕೊಳ್ತೀನಿ. ಸೀಲ್ ಡ್ರೈವರ್ (ಸೀಲ್ ಕೂರಿಸೋ ಸಾಧನ) ಒಂದು ದಿನಕ್ಕೆ ಸಿಕ್ಕಿದ್ರೆ ಮನೇಲೇ ಮಾಡ್ಕೋತೀನಿ.