ಮನೆಯಲ್ಲೇ ಕಟ್ಟೋಕೆ ಯಾವ ಟ್ಯೂಬ್ ಬೇಸ್ ಆಂಪ್ ಒಳ್ಳೇದು?

ಪ್ರಶ್ನೆ: ನಮಸ್ಕಾರ ಸರ್. ಒಂದೇ ಇಎಲ್84 ವ್ಯಾಕ್ಯೂಮ್ ಟ್ಯೂಬ್ ಹಾಕಿ 5 ವಾಟಿನ ಗಿಟಾರ್ ಆಂಪ್ ಕಟ್ಟಿದ್ದೇನೆ, ಚೆನ್ನಾಗಿ ಓಡ್ತಿದೆ. ಈಗ ಬೇಸ್ ಗಿಟಾರಿಗೆ ಒಂದು ಬೇಕು. ಮನೆಯಲ್ಲಿ ಅಭ್ಯಾಸಕ್ಕೆ, ಅಪರೂಪಕ್ಕೆ ಡ್ರಮ್ಸ್ ಜೊತೆ. ಫೆಂಡರ್ ಬೇಸ್‌ಮನ್ 5ಎಫ್6-ಎ, ಆಂಪೆಗ್ ಬಿ-15ಎನ್, ಆಂಪೆಗ್ ಎಸ್‌ವಿಟಿ, ಈ ಮೂರರ ಸರ್ಕ್ಯೂಟ್ ಇಟ್ಟುಕೊಂಡಿದ್ದೇನೆ. ಮೊದಲನೆಯದರ ಹೆಸರಲ್ಲೇ ಬೇಸ್ ಇದೆಯಲ್ಲ, ಅದನ್ನೇ ಕಟ್ಟಲೇ? ಟ್ರಾನ್ಸ್‌ಫಾರ್ಮರ್ ಬೆಂಗಳೂರಲ್ಲೇ ಸುತ್ತಿಸುವ ಯೋಚನೆ.

ಉತ್ತರ (ಆಂಪ್ ಸರ್ವಿಸ್): ಎಸ್‌ವಿಟಿಯನ್ನು ಈಗಲೇ ಪಕ್ಕಕ್ಕಿಡಿ. 1969ರ ಆ ಆಂಪು 300 ವಾಟ್, ಆರು ಔಟ್‌ಪುಟ್ ಟ್ಯೂಬ್, ಆನೋಡಿನಲ್ಲಿ ಸುಮಾರು 700 ವೋಲ್ಟ್. ಎರಡನೇ ಆಂಪಾಗಿ ಕಟ್ಟುವಂಥದ್ದಲ್ಲ.

5ಎಫ್6-ಎ ಒಳ್ಳೆಯ ಸರ್ಕ್ಯೂಟೇ, ಆದರೆ ಅದನ್ನು ಮೆರೆಸಿದವರು ಗಿಟಾರಿನವರು. ಮಾರ್ಷಲ್‌ನ ಮೊದಲ ಆಂಪು ಅದರದೇ ನಕಲು. ಬೇಸ್‌ಮನ್ನಿನದು ಹಿಂಬದಿ ತೆರೆದ ಪೆಟ್ಟಿಗೆ, ನಾಲ್ಕು 10 ಇಂಚಿನ ಸ್ಪೀಕರ್, 2 ಓಮ್ ಔಟ್‌ಪುಟ್. ಅದರ ಟೋನ್ ಕಂಟ್ರೋಲಿನಲ್ಲಿ ಬೇಸ್ ಏರಿಸಿದರೆ ಮಿಡ್ (ನಡುಮಟ್ಟದ ಸ್ವರ) ಕುಸಿಯುತ್ತೆ, ಬ್ಯಾಂಡಿನಲ್ಲಿ ಬೇಸ್ ಕೇಳಿಸೋದೇ ಆ ಮಿಡ್‌ನಿಂದ.

ನನ್ನ ಓಟು ಬಿ-15ಎನ್ ಮಾದರಿಗೆ. ಎರಡು 6ಎಲ್6ಜಿಸಿ, 400 ವೋಲ್ಟ್ ಆಸುಪಾಸು, 25ರಿಂದ 30 ವಾಟ್. ಬೇಸ್, ಟ್ರೆಬಲ್ ಒಂದಕ್ಕೊಂದು ತಾಕದ ಹಾಗೆ ಏರಿಳಿಸಬಹುದು. ಮೂಲದಲ್ಲಿ ಮೊದಲ (ಪ್ರಿಆಂಪ್) ಹಂತಗಳಿಗೆ 6ಎಸ್ಎಲ್7 ಟ್ಯೂಬ್‌ಗಳಿವೆ. ಸ್ಪೀಕರ್ ಪೆಟ್ಟಿಗೆಯ ಮೇಲೇ ಆಂಪ್ ಕೂರಿಸಿದರೆ ಅವು ಅದುರಿ ಗುಂಯ್‌ಗುಡುತ್ತವೆ. ಬದಲಿಗೆ ಇಸಿಸಿ83 ಟ್ಯೂಬ್ ಹಾಕಿ, ಆನೋಡಿಗೆ 100 ಕೆ (ಕಿಲೋಓಮ್), ಕ್ಯಾಥೋಡಿಗೆ 1.5 ಕೆ ಮತ್ತು 25 ಮೈಕ್ರೋಫ್ಯಾರಡ್. ಮೂಲದ ರುಚಿಯೇ ಬೇಕೆಂದರೆ 6ಎಸ್ಎಲ್7 ಸಾಕೆಟ್ಟಿಗೆ ರಬ್ಬರ್ ವಾಷರ್ ಕೊಡಿ.

ಬಯಸ್ಸಿಗೆ, ಅಂದರೆ ಸದ್ದಿಲ್ಲದಾಗ ಟ್ಯೂಬಿನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂದು ಗೊತ್ತುಮಾಡಲು, ಕ್ಯಾಥೋಡ್ ರೆಸಿಸ್ಟರ್ ಸಾಕು: ಎರಡೂ ಟ್ಯೂಬಿಗೆ ಸೇರಿ 250 ಓಮ್, 10 ವಾಟ್, ಜೊತೆಗೆ 100 ಮೈಕ್ರೋಫ್ಯಾರಡ್. ಅದರ ಮೇಲೆ 30 ವೋಲ್ಟ್ ಬಂದರೆ ಒಟ್ಟು 120 ಮಿಲಿಆಂಪ್. ಸ್ಕ್ರೀನಿನ (ಟ್ಯೂಬಿನೊಳಗಿನ ಇನ್ನೊಂದು ಗ್ರಿಡ್) ಪಾಲು ಸುಮಾರು 10 ಕಳೆದರೆ ಪ್ರತಿ ಟ್ಯೂಬಿನ ಆನೋಡಿಗೆ 55 ಮಿಲಿಆಂಪ್. 400ರಲ್ಲಿ ಆ 30 ಕಳೆದು ಉಳಿದ 370 ವೋಲ್ಟಿಗೆ ಆನೋಡಿನಲ್ಲಿ ಶಾಖವಾಗುವುದು 20 ವಾಟ್, ಅದಕ್ಕೆ 6ಎಲ್6ಜಿಸಿ ಮಿತಿ 30 ವಾಟ್.

ಪ್ರಶ್ನೆ: ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಗಿಟಾರ್ ಆಂಪಿನದೇ ಹಾಕಿದರೆ ಆಗಲ್ವಾ? ಅದು ಬೇಗ ಸಿಗುತ್ತೆ.

ಉತ್ತರ (ಟ್ರಾನ್ಸ್‌ಫಾರ್ಮರ್ ವೈಂಡಿಂಗ್): ಹಣ ಹಾಕಬೇಕಾದ ಜಾಗ ಅದೊಂದೇ, ಅಲ್ಲಿ ಉಳಿಸಬೇಡಿ. ಗಿಟಾರಿನ ಕೆಳಗಿನ ತಂತಿ 82 ಹರ್ಟ್ಜ್, ಬೇಸಿನದು 41. ವೋಲ್ಟೇಜ್ ಅಷ್ಟೇ ಇದ್ದು ಫ್ರೀಕ್ವೆನ್ಸಿ ಅರ್ಧವಾದರೆ ಕೋರಿನೊಳಗಿನ ಫ್ಲಕ್ಸ್ (ಕಾಂತ ಹರಿವು) ಎರಡರಷ್ಟು. ಕೋರ್ ಅದನ್ನು ಇನ್ನು ಹೊರಲಾರದೆ ಸ್ಯಾಚುರೇಟ್ ಆಗಿ ಕೆಳಗಿನ ಸ್ವರ ಒಡೆದು ಬರುತ್ತೆ, ಟ್ಯೂಬಿನ ಕರೆಂಟೂ ನುಗ್ಗುತ್ತೆ.

ಲೆಕ್ಕ ಹೀಗೆ. 30 ವಾಟ್, ಪ್ರೈಮರಿ (ಟ್ಯೂಬ್ ಕಡೆಯ ಸುರುಳಿ) 5 ಕೆ ಅಂದರೆ ಫುಲ್ ಪವರಿನಲ್ಲಿ 387 ವೋಲ್ಟ್. ಕೋರಿನ ನಡುಗಾಲು 38 ಮಿ.ಮೀ., ಸ್ಟ್ಯಾಕ್ 44 ಮಿ.ಮೀ. ಇದ್ದರೆ 16.7 ಚದರ ಸೆಂ.ಮೀ. ಫ್ಲಕ್ಸ್ 1.2 ಟೆಸ್ಲಾಗೆ ನಿಲ್ಲಿಸಿದರೆ 41 ಹರ್ಟ್ಜಿಗೆ ಕನಿಷ್ಠ 1,060 ಸುತ್ತು. 1,200 ಸುತ್ತಿಸಿ, ನಡುವೆ 600ಕ್ಕೆ ಸೆಂಟರ್ ಟ್ಯಾಪ್. 8 ಓಮಿನ ಸ್ಪೀಕರಿಗೆ ಅನುಪಾತ 25:1, ಸೆಕೆಂಡರಿ (ಸ್ಪೀಕರ್ ಕಡೆಯ ಸುರುಳಿ) 48 ಸುತ್ತು. ಪ್ರೈಮರಿಗೆ 34 ಗೇಜ್, ಸೆಕೆಂಡರಿಗೆ 19 ಗೇಜ್ ತಂತಿ.

ಅಂಗಡಿಯವರಿಗೆ ಎರಡು ಮಾತು ಬಿಡಿಸಿ ಹೇಳಿ. ಒಂದು, ಪ್ರೈಮರಿಯನ್ನು ಭಾಗ ಮಾಡಿ ನಡುನಡುವೆ ಸೆಕೆಂಡರಿ ಬರಬೇಕು. ಇನ್ನೊಂದು, ಸ್ಟ್ಯಾಂಪಿಂಗನ್ನು (ಕೋರಿನ ತಗಡು) ಒಂದು ಈ ಕಡೆ, ಒಂದು ಆ ಕಡೆಯಿಂದ ಹಾಕಬೇಕು, ನಡುವೆ ಕಾಗದ ಇಡಬಾರದು. ನಿಮ್ಮ ಇಎಲ್84ಗೆ ಕಾಗದದ ಗ್ಯಾಪ್ ಬೇಕಿತ್ತು, ಏಕೆಂದರೆ ಡಿಸಿ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಇಲ್ಲಿ ಎರಡು ಟ್ಯೂಬಿನ ಡಿಸಿ ಪರಸ್ಪರ ರದ್ದಾಗುತ್ತೆ, ಗ್ಯಾಪ್ ಇಟ್ಟರೆ ಇಂಡಕ್ಟೆನ್ಸ್ ಹೋಗಿ ಬೇಸೂ ಹೋಗುತ್ತೆ.

ಪ್ರಶ್ನೆ (ಮತ್ತೊಬ್ಬರು): ಪವರ್ ಟ್ರಾನ್ಸ್‌ಫಾರ್ಮರ್ ಅಮೆರಿಕದಿಂದ ತರಿಸಿ, ಲೈನ್ ವೋಲ್ಟೇಜ್ ಇಳಿಸೋಕೆ ಸ್ಟೆಪ್‌ಡೌನ್ ಹಾಕಿದರೆ?

ಉತ್ತರ (ಟ್ರಾನ್ಸ್‌ಫಾರ್ಮರ್ ವೈಂಡಿಂಗ್): ಬೇಡ. 60 ಹರ್ಟ್ಜಿಗೆ ಅಳೆದು ಮಾಡಿದ್ದು ನಮ್ಮ 50ರಲ್ಲಿ 20 ಶೇಕಡಾ ಹೆಚ್ಚು ಫ್ಲಕ್ಸ್ ಹೊರಬೇಕಾಗುತ್ತೆ. ಕಾದು ಗುಂಯ್ ಅನ್ನುತ್ತೆ. 230 ವೋಲ್ಟಿಗೆ ಇಲ್ಲೇ ಸುತ್ತಿಸಿ: 300-0-300 ವೋಲ್ಟ್ 200 ಮಿಲಿಆಂಪ್, 6.3 ವೋಲ್ಟ್ 4 ಆಂಪ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬ್ ಜಿಝಡ್34ಗೆ 5 ವೋಲ್ಟ್ 3 ಆಂಪ್. ಲೈನ್ 250ಕ್ಕೆ ಏರುವ ಊರಾದರೆ ಪ್ರೈಮರಿಗೆ 245ರ ಟ್ಯಾಪೂ ಹಾಕಿಸಿ. ಇಲ್ಲದಿದ್ದರೆ ಟ್ಯೂಬ್ ಕಾಯಿಸುವ ಹೀಟರಿನ 6.3 ವೋಲ್ಟ್ 6.8 ದಾಟುತ್ತೆ.

ಉತ್ತರ (ಆಂಪ್ ಸರ್ವಿಸ್): ಇದಕ್ಕೇ ಸೇರಿಸುತ್ತೇನೆ. ಲೈನ್ 250 ಇದ್ದು ರೆಕ್ಟಿಫೈಯರಿಗೆ ಸಿಲಿಕಾನ್ ಡಯೋಡ್ ಹಾಕಿದ್ದರೆ, ಟ್ಯೂಬ್ ಬಿಸಿಯಾಗುವ ಮೊದಲೇ ಫಿಲ್ಟರ್ ಕೆಪಾಸಿಟರಿನ ಮೇಲೆ 460 ವೋಲ್ಟ್. 450ರ ಕೆಪಾಸಿಟರ್ ಉಬ್ಬುವುದು ಆಗಲೇ. 100 ಮೈಕ್ರೋಫ್ಯಾರಡ್ 350 ವೋಲ್ಟಿನವು ಎರಡು ಸೀರೀಸಲ್ಲಿ ಹಾಕಿ, ಪ್ರತಿಯೊಂದಕ್ಕೂ ಅಡ್ಡ 220 ಕೆ, 2 ವಾಟ್. ಇವೇ ಪವರ್ ಆಫ್ ಆದ ಮೇಲೆ ಚಾರ್ಜ್ ಇಳಿಸುತ್ತವೆ, ಆದರೂ ಮೀಟರಿನಲ್ಲಿ ನೋಡದೆ ಒಳಗೆ ಕೈ ಹಾಕಬೇಡಿ. ಜಿಝಡ್34 ಹಾಕಿದರೆ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ಮೀರಬಾರದು. ಈ ಜೋಡಿ ಸೇರಿ 50, ಸಾಕು.

ಪ್ರಶ್ನೆ: ಒಂದು ಹಂತದಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ದೊಡ್ಡದು ಹಾಕಿದಷ್ಟೂ ಬೇಸ್ ಹೆಚ್ಚಾ ಸರ್? 30 ವಾಟ್ ಡ್ರಮ್ಸಿಗೆ ಸಾಲುತ್ತಾ?

ಉತ್ತರ (ಆಂಪ್ ಸರ್ವಿಸ್): ಒಂದು ಮಟ್ಟದವರೆಗೆ. 220 ಕೆ ಗ್ರಿಡ್ ರೆಸಿಸ್ಟರಿಗೆ 0.022 ಮೈಕ್ರೋಫ್ಯಾರಡ್ ಹಾಕಿದರೆ 33 ಹರ್ಟ್ಜಿನಲ್ಲೇ 3 ಡಿಬಿ ಇಳಿತ, 0.1 ಹಾಕಿದರೆ 7 ಹರ್ಟ್ಜಿನಲ್ಲಿ. 0.1 ದಾಟಬೇಡಿ. ಅದಕ್ಕಿಂತ ದೊಡ್ಡದಾದರೆ ಜೋರಾಗಿ ಮೀಟಿದಾಗ ಕೆಪಾಸಿಟರ್ ಚಾರ್ಜ್ ಆಗಿ ಕೂತು, ಒಂದು ಕ್ಷಣ ಸದ್ದೇ ಕಟ್ಟಿದಂತಾಗುತ್ತೆ. ಔಟ್‌ಪುಟ್ ಗ್ರಿಡ್‌ಗಳಿಗೆ ತಲಾ 5.6 ಕೆ ಸೀರೀಸಲ್ಲಿ ಇರಲಿ.

ಡ್ರಮ್ಸಿಗೆ 30 ವಾಟ್ ಸಾಲುವುದು ಕಷ್ಟ, ಮೆಲ್ಲಗೆ ಬಾರಿಸುವವರಾದರೆ ಮುಚ್ಚಿದ ಪೆಟ್ಟಿಗೆಯ 15 ಇಂಚಿನ ಒಳ್ಳೆಯ ಸ್ಪೀಕರಿನಲ್ಲಿ ನಡೆಯುತ್ತೆ. ಇಲ್ಲದಿದ್ದರೆ ಸ್ಪೀಕರ್ ಜ್ಯಾಕಿನಿಂದ 1 ಕೆ, 47 ಓಮ್ ಡಿವೈಡರ್ ಮಾಡಿ ಲೈನ್ ಔಟ್ ತೆಗೆಯಿರಿ. ಫುಲ್ ಪವರಿನಲ್ಲಿ 0.7 ವೋಲ್ಟ್ ಬರುತ್ತೆ, ಮಿಕ್ಸರಿಗೆ ಸಾಕು. 60 ವಾಟೇ ಬೇಕೆಂದರೆ ಡೈನಕೋ ಮಾರ್ಕ್ 3 ಆಧಾರದ ಸನ್ 200ಎಸ್ ಮಾದರಿ ಇದೆ, ಎರಡು 6550. ಅದರ 6ಎಎನ್8 ಟ್ಯೂಬ್ ಕೈಗೆ ಬಂದ ಮೇಲಷ್ಟೇ ಚಾಸಿ ಕೊರೆಯಿರಿ.

ಪ್ರಶ್ನೆ: ಮೊದಲ ಸಲ ಆನ್ ಮಾಡುವಾಗ?

ಉತ್ತರ (ಆಂಪ್ ಸರ್ವಿಸ್): ಚಾಸಿಗೆ ಅರ್ತ್ ಭದ್ರವಾಗಿರಲಿ. ಸ್ಪೀಕರ್ ಇಲ್ಲದೆ ಆನ್ ಮಾಡಲೇಬೇಡಿ. ಲೈನಿನಲ್ಲಿ 60 ವಾಟಿನ ಹಳೇ ತಂತಿ ಬಲ್ಬ್ ಸೀರೀಸ್ ಹಾಕಿ, ಟ್ಯೂಬ್ ಯಾವುದೂ ಇರಬಾರದು. ಬಲ್ಬ್ ಮಿಂಚಿ ಆರಿದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಸರಿಯಿದ್ದರೆ ಆಫ್ ಮಾಡಿ ಟ್ಯೂಬ್ ಹಾಕಿ, ಈ ಸಲ ದೊಡ್ಡ ಬಲ್ಬ್. ಟ್ಯೂಬ್ ಕಾದ ಕೂಡಲೇ ಆಂಪ್ ಕಿರುಚಿದರೆ ಫೀಡ್‌ಬ್ಯಾಕ್ (ಔಟ್‌ಪುಟ್ಟಿನಿಂದ ಹಿಂದಿನ ಹಂತಕ್ಕೆ ಮರಳುವ ಸಿಗ್ನಲ್) ಉಲ್ಟಾ ಆಗಿದೆ. ಆಫ್ ಮಾಡಿ, ಚಾರ್ಜ್ ಇಳಿದದ್ದು ನೋಡಿ, 6ಎಲ್6ಗಳ ಆನೋಡಿಗೆ ಹೋಗುವ ಎರಡು ತಂತಿ ಅದಲುಬದಲು ಮಾಡಿ. ಕಿರುಚಾಟವಲ್ಲದೆ ಬುಡ್-ಬುಡ್ ಅಂತ ನಿಧಾನವಾಗಿ ಬಡಿದರೆ, ಮೊದಲ (ಪ್ರಿಆಂಪ್) ಹಂತಗಳ ಸಪ್ಲೈ ಫಿಲ್ಟರ್ ಸಾಲದಾಗಿದೆ. ಅಲ್ಲಿ 22 ಮೈಕ್ರೋಫ್ಯಾರಡ್ ಇದ್ದರೆ 47 ಮಾಡಿ ನೋಡಿ.